ಸಣ್ಣ ಹಿಡುವಳಿಯ ವೈನು: ಒಣಬೇಸಾಯದವರಿಗೆ ಏನು ಪಾಠ?

ಉಪ್ಪಿನಬೆಟಗೇರಿಯ ಎರಿ ಹೊಲದ ರೈತನೊಬ್ಬ ವೈನಿನ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರ ಅನ್ನಿಸಬಹುದು. ನಾವು ಬೆಳೆಯುವುದು ಹಿಂಗಾರಿ ಜೋಳ, ಕಡಲಿ, ಹತ್ತಿ, ಒಣಮೆಣಸಿನಕಾಯಿ. ನನ್ನ ಹೊಲದಾಗ ಒಂದು ದ್ರಾಕ್ಷಿ ಬಳ್ಳಿಯೂ ಇಲ್ಲ. ಆದರೆ ನಮ್ಮ ಬೀಗರು ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿ ಬೆಳೆಗಾರರು. ತಮ್ಮನ ಮಗ ಬೆಂಗಳೂರಿನ ಹೋಟೆಲೊಂದರಲ್ಲಿ ವೈನು ಬಡಿಸುವ ಕೆಲಸದಾಗ ಇದ್ದಾನೆ. ಇವರಿಬ್ಬರ ಮಾತು ಕೇಳಿ, ತಿಳಿಯದ್ದನ್ನು ಕೇಳಿ ಕೇಳಿ, ನಾಲ್ಕೈದು ವರ್ಷದಾಗ ನಾನು ಕಲಿತದ್ದನ್ನು ಇಲ್ಲಿ ಇಡುತ್ತೇನೆ.

ಮೊದಲೇ ಒಂದು ಮಾತು. ಇದು ಕುಡಿರಿ ಅಂತ ಹೇಳುವ ಲೇಖನ ಅಲ್ಲ. ಕುಡಿತ ನಮ್ಮ ಹಳ್ಳಿಯ ಮನೆಗಳಿಗೆ ಏನು ಮಾಡಿದೆ ಅಂತ ನಾನೂ ಕಂಡವನೇ. ರುಚಿ ತಿಳಿಯಲಿಕ್ಕೆ ಒಂದೆರಡು ಗುಟುಕು ನೋಡಿದ್ದು ಬಿಟ್ಟರೆ ನನಗೆ ಆ ರೂಢಿ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಬೇರೆ. ಮೂರೆಕರೆ ನಾಲ್ಕೆಕರೆ ಹಿಡುವಳಿಯ ರೈತ ದೂರದ ದೇಶದಾಗ ತನ್ನ ಹೊಲದ ಹೆಸರಿನಲ್ಲೇ ಮಾಲು ಮಾರಿ ಬದುಕುತ್ತಾನೆ. ನಮ್ಮ ಮಾಲು ಮಾತ್ರ ದಲಾಲಿ ಅಂಗಡಿಯ ರಾಶಿಗೆ ಬಿದ್ದ ಕೂಡಲೇ ಹೆಸರು ಕಳೆದುಕೊಳ್ಳುತ್ತದೆ. ಇದು ಹೇಗೆ?

ವೈನು ಅಂದರೆ ಏನು?

ದ್ರಾಕ್ಷಿಯ ರಸದೊಳಗಿನ ಸಕ್ಕರೆಯನ್ನು ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ ತಿಂದು ಮದ್ಯಸಾರ ಮಾಡುತ್ತದೆ. ಜೊತೆಗೆ ಗಾಳಿಗುಳ್ಳೆ ಏಳುತ್ತದೆ. ದೋಸೆ ಹಿಟ್ಟು ಉಬ್ಬುವುದೂ ಒಂದು ಬಗೆಯ ಹುದುಗಿನಿಂದಲೇ. ಕೆಂಪು ವೈನಿನ ಬಣ್ಣ ಬರುವುದು ಸಿಪ್ಪೆಯಿಂದ; ರಸವನ್ನು ಸಿಪ್ಪೆಯ ಜೊತೆ ಕೆಲವು ದಿನ ಇಡುತ್ತಾರೆ. ಬಿಳಿ ವೈನಿಗೆ ಸಿಪ್ಪೆ ಬೇಗ ತೆಗೆಯುತ್ತಾರೆ. ಒಂದು ಬಾಟಲಿಗೆ, ಅಂದರೆ 750 ಮಿಲಿಲೀಟರಿಗೆ, ಕಿಲೋಗಿಂತ ತುಸು ಹೆಚ್ಚು ಹಣ್ಣು ಬೇಕು. ಸಾಮಾನ್ಯವಾಗಿ ಮದ್ಯಸಾರ ಶೇಕಡಾ 12ರಿಂದ 14 ಇರುತ್ತದೆ.

ಊಟದ ದ್ರಾಕ್ಷಿ ಬೇರೆ, ವೈನಿನ ದ್ರಾಕ್ಷಿ ಬೇರೆ. ವಿಜಯಪುರ ಕಡೆ ತಿನ್ನಲಿಕ್ಕೆ ಮತ್ತು ಒಣದ್ರಾಕ್ಷಿಗೆ ಥಾಮ್ಸನ್ ಸೀಡ್‌ಲೆಸ್ ಹೆಚ್ಚು. ವೈನಿನ ಜಾತಿಗಳ ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗ ಬೀಜ. ಗೊನೆ ದೊಡ್ಡದು ಮಾಡುವುದು, ಕಾಳು ಉಬ್ಬಿಸುವುದು ಅಲ್ಲಿ ಗುಣ ಅಲ್ಲ, ದೋಷ. ಇಳುವರಿ ಕಡಿಮೆಯಾದಷ್ಟೂ ರುಚಿ ಗಟ್ಟಿ ಅಂತ ಒಳ್ಳೆಯ ವೈನು ಮಾಡುವವರು ಬೇಕಂತಲೇ ಹೀಚು ಗೊನೆ ಕಿತ್ತು ಬಿಡುತ್ತಾರೆ. ಕ್ವಿಂಟಲ್ ಲೆಕ್ಕದ ಮೇಲೆ ಬದುಕುವ ನಮಗೆ ಈ ಮಾತು ನಂಬುವುದು ಕಷ್ಟ.

ಒಣಭೂಮಿಯ ಬಳ್ಳಿಗಳು

ಸ್ಪೇನ್ ದೇಶಕ್ಕೆ ಸೇರಿದ, ಆದರೆ ಆಫ್ರಿಕಾದ ದಂಡೆಗೆ ಹತ್ತಿರ ಇರುವ ಲಾಂಜರೋಟೆ ಎಂಬ ನಡುಗಡ್ಡೆ ಇದೆ. 1730ರಿಂದ 1736ರವರೆಗೆ ಅಲ್ಲಿ ಜ್ವಾಲಾಮುಖಿ ಸಿಡಿದು ಒಳ್ಳೆಯ ಹೊಲಗಳೆಲ್ಲ ಕರಿ ಬೂದಿಯ ಕೆಳಗ ಹೂತು ಹೋದವು. ಮಳೆ ವರ್ಷಕ್ಕೆ ಸುಮಾರು 150 ಮಿಲಿಮೀಟರ್. ನಮ್ಮ ಧಾರವಾಡದ ಮಳೆಯ ಕಾಲುಭಾಗವೂ ಅಲ್ಲ. ಅಲ್ಲಿಯ ರೈತರು ಬೂದಿಯಲ್ಲಿ ಆಳದ ಕುಣಿ ತೋಡಿ, ಕೆಳಗಿನ ಹಳೆ ಮಣ್ಣು ಮುಟ್ಟಿಸಿ, ಕುಣಿಗೊಂದು ಬಳ್ಳಿ ಹಚ್ಚಿದರು. ಗಾಳಿ ಬರುವ ದಿಕ್ಕಿಗೆ ಅರ್ಧಚಂದ್ರದಂತೆ ಕಲ್ಲಿನ ಗೋಡೆ ಕಟ್ಟಿದರು. ಮೇಲಿನ ಬೂದಿ ರಾತ್ರಿಯ ಇಬ್ಬನಿ ಹೀರಿ ಹಗಲು ಹಸಿ ಆರದಂತೆ ಕಾಯುತ್ತದೆ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ನವಲಗುಂದ, ಗದಗ, ಕೊಪ್ಪಳ ಕಡೆ ಎರಿ ಹೊಲಕ್ಕೆ ಉಸುಕು ಹೇರುವ ಪದ್ಧತಿ. ಹಳ್ಳದ ಉಸುಕು ತಂದು ಹೊಲದ ಮೇಲೆ ಹಾಸಿದರೆ ಮಳೆ ನೀರು ಒಳಗ ಇಳಿಯುತ್ತದೆ, ನೆಲ ಬಿರುಕು ಬಿಡುವುದು ತಗ್ಗುತ್ತದೆ, ಹಸಿ ಉಳಿಯುತ್ತದೆ. ಅವರ ಬೂದಿ, ನಮ್ಮ ಉಸುಕು, ಬುದ್ಧಿ ಒಂದೇ.

ಗ್ರೀಸ್ ದೇಶದ ಸಾಂಟೊರಿನಿ ನಡುಗಡ್ಡೆಯಲ್ಲಿ ಗಾಳಿ ಬಹಳ. ಅಲ್ಲಿ ಬಳ್ಳಿಗೆ ಚಪ್ಪರ ಹಾಕುವುದಿಲ್ಲ. ಬಳ್ಳಿಯನ್ನೇ ಬುಟ್ಟಿ ಹೆಣೆದಂತೆ ಸುತ್ತಿ ನೆಲಕ್ಕೆ ಕೂಡಿಸುತ್ತಾರೆ. ಗೊನೆ ಬುಟ್ಟಿಯ ಒಳಗ ಬೆಳೆಯುತ್ತದೆ. ಗಾಳಿಯೂ ಬಡಿಯುವುದಿಲ್ಲ, ಬಿಸಿಲೂ ಸುಡುವುದಿಲ್ಲ.

ಜಾರ್ಜಿಯಾ ದೇಶದ ಹಳ್ಳಿ ಮನೆಗಳಲ್ಲಿ ಕ್ವೆವ್ರಿ ಎಂಬ ದೊಡ್ಡ ಮಣ್ಣಿನ ಹರಿವೆಯನ್ನು ಕುತ್ತಿಗೆತನಕ ನೆಲದಾಗ ಹೂತು, ಅದರೊಳಗ ವೈನು ಹುದುಗಿಸುತ್ತಾರೆ. ನೆಲದ ತಂಪು ಅದನ್ನು ಕಾಯುತ್ತದೆ. ಅಲ್ಲಿ ವೈನು ಮಾಡುವ ರೂಢಿ ಸುಮಾರು 8000 ವರ್ಷ ಹಳೆಯದು ಅಂತ ಮಡಿಕೆ ಚೂರುಗಳ ಪರೀಕ್ಷೆಯಿಂದ ಗೊತ್ತಾಗಿದೆ. 2013ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಮನುಕುಲದ ಪರಂಪರೆ ಎಂದು ಪಟ್ಟಿಗೆ ಸೇರಿಸಿತು. ನಮ್ಮ ಹಗೇವು ನೆನೆಸಿಕೊಳ್ಳಿರಿ. ಜೋಳವನ್ನು ನೆಲದ ಹೊಟ್ಟೆಯೊಳಗ ವರ್ಷಗಟ್ಟಲೆ ಕಾಯುತ್ತಿದ್ದ ನಮ್ಮ ಹಗೇವುಗಳು ಈಗ ಮುಚ್ಚಿ ಹೋಗಿವೆ. ಅವರು ತಮ್ಮ ಹರಿವೆಯನ್ನು ಬಿಡಲಿಲ್ಲ. ಅದೇ ಈಗ ಅವರ ವೈನಿನ ಗುರುತು.

ಹಿಸ್ಸೆಯಾದರೂ ಕೆಡದ ಹೆಸರು

ಫ್ರಾನ್ಸಿನ ಬರ್ಗಂಡಿ ಭಾಗದಲ್ಲಿ ಕ್ಲೊ ದ ವೂಜೊ ಎಂಬ ಒಂದು ತೋಟ ಇದೆ. ಸುತ್ತ ಕಲ್ಲಿನ ಗೋಡೆ. ಹಿಂದೆ ಅದು ಕ್ರೈಸ್ತ ಸನ್ಯಾಸಿಗಳ ಮಠದ್ದು. ಸುಮಾರು 50 ಹೆಕ್ಟೇರ್, ಅಂದರೆ ಹೆಚ್ಚು ಕಡಿಮೆ ಸವಾನೂರು ಎಕರೆ. ಇಂದು ಅದಕ್ಕೆ ಸುಮಾರು 80 ಮಾಲೀಕರು! ಕೆಲವರಿಗೆ ಬರುವುದು ಬಳ್ಳಿಯ ನಾಲ್ಕಾರು ಸಾಲು ಮಾತ್ರ. ಆದರೂ ಪ್ರತಿಯೊಬ್ಬನ ಬಾಟಲಿಯ ಮೇಲೆ ತೋಟದ ಹೆಸರು ಇದೆ, ಅದರ ಕೆಳಗ ಅವನ ಹೆಸರು ಇದೆ.

ನಮ್ಮಲ್ಲಿ ಅಣ್ಣತಮ್ಮಂದಿರು ಹಿಸ್ಸೆಯಾದರೆ ನಡುವೆ ಒಂದು ಒಡ್ಡು ಬೀಳುತ್ತದೆ, ಹಿಡುವಳಿ ಸಣ್ಣದಾಗುತ್ತದೆ, ಬಾಳ್ವೆ ಅಲ್ಲಿಗೆ ಮುಗಿಯಿತು ಅನ್ನುತ್ತೇವೆ. ನನಗೂ ಇಬ್ಬರು ಮಕ್ಕಳು, ಒಂಬತ್ತು ಎಕರೆ. ಕ್ವಿಂಟಲ್ ಲೆಕ್ಕದಾಗ ನಾಲ್ಕೂವರೆ ಎಕರೆ ಒಣಭೂಮಿ ಒಂದು ಸಂಸಾರ ಸಾಕುವುದಿಲ್ಲ. ಹೆಸರಿನ ಲೆಕ್ಕದಾಗ ಸಾಕಬಹುದೇ? ನಾನು ವೈನಿನ ವಿಷಯ ಓದುತ್ತಾ ಹೋದದ್ದು ಈ ಚಿಂತೆಯಿಂದ.

ಹೆಸರು ಪುಕ್ಕಟೆ ಬರಲಿಲ್ಲ

ಶಾಂಪೇನ್ ಅಂದರೆ ಫ್ರಾನ್ಸಿನ ಒಂದು ಸೀಮೆಯ ಹೆಸರು. ನೊರೆ ಬರುವ ವೈನಿಗೆ ಅದು ಜಗತ್ತಿನ ತುಂಬ ಹೆಸರಾಗಿದೆ. 1911ರ ಸುಮಾರಿಗೆ ಅಲ್ಲಿ ರೋಗ, ಕೆಟ್ಟ ಹವೆಯಿಂದ ಬೆಳೆ ಹೋಗಿ ರೈತರು ಸಾಲದಾಗ ಮುಳುಗಿದ್ದರು. ಕೆಲವು ವ್ಯಾಪಾರಿಗಳು ಬೇರೆ ಸೀಮೆಯ ಅಗ್ಗದ ವೈನು ತಂದು ಶಾಂಪೇನ್ ಅಂತಲೇ ಮಾರಿದರು. ರೈತರು ಸಿಟ್ಟಿಗೆದ್ದು ಗೋದಾಮು ಒಡೆದು ವೈನನ್ನು ಬೀದಿಗೆ, ಹೊಳೆಗೆ ಸುರುವಿದರು. ಸರಕಾರ ಸೈನ್ಯ ಕಳಿಸಬೇಕಾಯಿತು. ಆ ಜಗಳದ ನಂತರ ಒಂದೊಂದೇ ಕಾಯ್ದೆ ಬಂತು: 1919ರಲ್ಲಿ ಊರಿನ ಹೆಸರು ಕಾಯುವ ಕಾಯ್ದೆ, 1927ರಲ್ಲಿ ಶಾಂಪೇನ್ ಸೀಮೆಯ ಗಡಿ, 1935ರಲ್ಲಿ ಇಡೀ ದೇಶಕ್ಕೆ ಅಂಥ ವ್ಯವಸ್ಥೆ. ಯಾವ ಊರು, ಯಾವ ಜಾತಿ, ಎಕರೆಗೆ ಎಷ್ಟು ಇಳುವರಿ ಎಲ್ಲವೂ ಬರವಣಿಗೆಯಲ್ಲಿ.

ನಮ್ಮಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೂ 2024ರ ಮಾರ್ಚ್ ತಿಂಗಳಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದಾಗ ರೈತರ ಸಿಟ್ಟು ಬೆಂಕಿಯಾಗಿ ವಾಹನಗಳು ಸುಟ್ಟವು. ಮಾನ್ಯತೆಯ ಕಾಗದ ಒಂದೇ ದರ ಕೊಡುವುದಿಲ್ಲ. ಚೀಲದಾಗ ಇರುವುದು ಯಾರ ಹೊಲದ್ದು ಅಂತ ಕೊಳ್ಳುವವನಿಗೆ ತಿಳಿಯಬೇಕು.

ಒಳ್ಳೆಯ ಸಣ್ಣ ವೈನು ಗುರುತಿಸುವುದು ಹೇಗೆ?

ತಮ್ಮನ ಮಗ ಹೇಳಿಕೊಟ್ಟ ರೀತಿ ಇದು. ವೈನು ಕೊಳ್ಳದವರೂ ಓದಬೇಕು, ಯಾಕಂದರೆ ಕೊಳ್ಳುವವನು ಏನು ಹುಡುಕುತ್ತಾನೆ ಅಂತ ಇದರಿಂದ ತಿಳಿಯುತ್ತದೆ.

1. ಬೆಳೆದವನೇ ತುಂಬಿದನೇ? ಶಾಂಪೇನ್ ಲೇಬಲ್ಲಿನ ಮೂಲೆಯಲ್ಲಿ ಸಣ್ಣ ಅಕ್ಷರ ಇರುತ್ತವೆ. ಆರ್.ಎಂ. ಅಂದರೆ ತನ್ನ ಹಣ್ಣಿನಿಂದ ತಾನೇ ಮಾಡಿದ ರೈತ. ಎನ್.ಎಂ. ಅಂದರೆ ಹಣ್ಣು ಕೊಂಡು ಮಾಡಿದ ವ್ಯಾಪಾರಿ ಮನೆ. ಸಿ.ಎಂ. ಅಂದರೆ ರೈತರ ಸಹಕಾರಿ ಸಂಘ.

2. ಜಾಗದ ಹೆಸರು ಎಷ್ಟು ಸಣ್ಣದು? ದೇಶದ ಹೆಸರಿಗಿಂತ ಜಿಲ್ಲೆ, ಜಿಲ್ಲೆಗಿಂತ ಊರು, ಊರಿಗಿಂತ ಹೊಲದ ಹೆಸರು ಹೆಚ್ಚು ನಂಬಿಕೆ ಕೊಡುತ್ತದೆ.

3. ಯಾವ ವರ್ಷದ್ದು? ಮಳೆ ಹೆಚ್ಚು ಕಡಿಮೆಯಾದ ವರ್ಷ ರುಚಿಯೂ ಬದಲಾಗುತ್ತದೆ. ಸಣ್ಣವನು ಅದನ್ನು ಮುಚ್ಚಿಡುವುದಿಲ್ಲ.

4. ಹೆಸರುವಾಸಿ ಊರಿನ ಪಕ್ಕದ ಊರು ನೋಡಬೇಕು. ಮಣ್ಣು ಅದೇ ಇರುತ್ತದೆ, ದರ ಕಡಿಮೆ ಇರುತ್ತದೆ.

5. ಹುಡುಕಿ ತಂದವನು ಯಾರು? ಅಮೆರಿಕದ ಕರ್ಮಿಟ್ ಲಿಂಚ್ 1972ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಅಂಗಡಿ ಹಾಕಿದ. ಫ್ರಾನ್ಸಿನ ಹಳ್ಳಿಹಳ್ಳಿ ತಿರುಗಿ, ರೈತನ ನೆಲಮನೆಯಲ್ಲೇ ರುಚಿ ನೋಡಿ, ತಂಪು ಕಂಟೇನರಿನಲ್ಲಿ ತರಿಸಿದ. ಇಂದಿಗೂ ಜನ ಬಾಟಲಿಯ ಹಿಂದೆ ಅವನ ಹೆಸರು ನೋಡಿ ಕೊಳ್ಳುತ್ತಾರೆ.

6. ಹೇಗೆ ಇಟ್ಟಿದ್ದಾರೆ? ಬಿಸಿಗೆ ವೈನು ಕೆಡುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಕಿಟಕಿಯಲ್ಲಿ ನಿಂತ ಬಾಟಲಿ ಎಷ್ಟು ದೊಡ್ಡ ಹೆಸರಿನದಾದರೂ ಬೇಡ.

ರುಚಿ ನೋಡುವುದೂ ಒಂದು ಕೆಲಸ. ಮೊದಲು ಬಣ್ಣ, ಆಮೇಲೆ ವಾಸನೆ, ಆಮೇಲೆ ಸಣ್ಣ ಗುಟುಕು. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಬಾಯಲ್ಲಿ ನಿಲ್ಲುತ್ತದೆ ಅಂತ ಕಾಯಬೇಕು. ರೊಟ್ಟಿ ಒಂದು ತುತ್ತು ಬಾಯಿಗಿಟ್ಟು ಎರಿ ಹೊಲದ ಜೋಳವೋ ಮಸಾರಿ ಹೊಲದ್ದೋ ಅಂತ ಹೇಳುವ ಹಿರಿಯರು ನಮ್ಮ ಊರಲ್ಲೂ ಇದ್ದರು. ಆ ನಾಲಿಗೆ ನಮಗೆ ಹೊಸದಲ್ಲ.

ನಮ್ಮ ರಾಜ್ಯದ ಮಾತು

ಕರ್ನಾಟಕದಲ್ಲಿ ಕನ್ವಲ್ ಗ್ರೋವರ್ ಅವರು ನಂದಿ ಬೆಟ್ಟದ ಸೀಮೆಯಲ್ಲಿ 1988ರ ಸುಮಾರಿಗೆ ಫ್ರೆಂಚ್ ಜಾತಿಯ ಬಳ್ಳಿ ಹಚ್ಚಿದರು. 1992ರಲ್ಲಿ ಮೊದಲ ವೈನು ಬಂತು. 2007ರಲ್ಲಿ ರಾಜ್ಯ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ವೈನ್ ಮಂಡಳಿಯೂ ಆಯಿತು. ಹಂಪಿಯ ಗುಡ್ಡಗಳ ಕಡೆ, ನಮ್ಮಂಥದೇ ಬಿಸಿಲಿನ ನಾಡಿನಲ್ಲಿ, ಕ್ರಸ್ಮಾ ಎಂಬ ಸಣ್ಣ ತೋಟದವರು ತಮ್ಮದೇ ಹಣ್ಣಿನಿಂದ ವೈನು ಮಾಡುತ್ತಾರೆ. ಅದಕ್ಕೆ ಹೊರಗೂ ಹೆಸರು ಇದೆ.

ಇದನ್ನೋದಿ ಯಾರೂ ನಾಳೆಯೇ ಬಳ್ಳಿ ಹಚ್ಚಲಿಕ್ಕೆ ಹೋಗಬಾರದು. ನಮ್ಮ ರಾಜ್ಯದಾಗ ಬಳ್ಳಿ ಚಳಿಗೆ ಮಲಗುವುದಿಲ್ಲ. ಏಪ್ರಿಲ್ ಮತ್ತು ಅಕ್ಟೋಬರ್ ಹೀಗೆ ವರ್ಷಕ್ಕೆ ಎರಡು ಚಾಟ್ನಿ ಬೇಕು. ಮಳೆ, ಮೋಡ ಹಿಡಿದರೆ ಬೂಜು ರೋಗಕ್ಕೆ ಮೇಲಿಂದ ಮೇಲೆ ಔಷಧ ಹೊಡೆಯಬೇಕು. ಕಂಬ, ತಂತಿ, ಹನಿ ನೀರಾವರಿಯ ಖರ್ಚು ದೊಡ್ಡದು. ಪರವಾನಗಿ ಇಲ್ಲದೆ ವೈನು ಮಾಡಿ ಮಾರುವುದು ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ನಾವು ತರಬೇಕಾದ್ದು ಬಳ್ಳಿ ಅಲ್ಲ, ಬುದ್ಧಿ.

ನಾವು ಮಾಡಬಹುದಾದ್ದು

ಕೆಲವು ವರ್ಷದ ಹಿಂದೆ ನನ್ನ ಬಿಡಿಸಿ ಆರಿಸಿದ ಮೆಣಸಿನಕಾಯಿಯನ್ನು ಒಂದು ಅಂಗಡಿಯವರು ನನ್ನ ಕಣ್ಣೆದುರಿಗೇ ಬೇರೆ ಮಾಲಿನ ರಾಶಿಗೆ ಸುರುವಿದರು. ದರ ಎಲ್ಲರಿಗೂ ಒಂದೇ. ಆ ಮೇಲೆ ನಾನು ಎಲ್ಲವನ್ನೂ ಮಾರುಕಟ್ಟೆಗೆ ಒಯ್ಯುವುದು ಬಿಟ್ಟೆ. ಈಗ ಮಾಡುತ್ತಿರುವುದು ಇಷ್ಟು:

ಹಳ್ಳದ ದಂಡೆಯ ಎರಡು ಎಕರೆಯ ಜೋಳ, ಮೆಣಸಿನಕಾಯಿಯನ್ನು ಬೇರೆಯೇ ರಾಶಿ ಮಾಡಿ ಬೇರೆಯೇ ಇಡುತ್ತೇನೆ. ಚೀಲದ ಮೇಲೆ ಊರು, ಹೊಲದ ಹೆಸರು, ತಳಿ, ರಾಶಿ ಮಾಡಿದ ತಿಂಗಳು ಬರೆಯುತ್ತೇವೆ. ಅಕ್ಷರ ಬರೆಯುವವಳು ಸೊಸೆ. ಹುಬ್ಬಳ್ಳಿ, ಧಾರವಾಡದ ಇಪ್ಪತ್ತು ಮನೆಗಳಿಗೆ ನೇರ ಕೊಡುತ್ತೇವೆ. ಕೊಳ್ಳುವವರು ಸುಗ್ಗಿಯೊಳಗ ಒಂದು ದಿನ ಹೊಲಕ್ಕೆ ಬಂದು ಸೀತನಿ ತಿಂದು ಹೋಗುತ್ತಾರೆ. ಮಳೆ ಕಡಿಮೆಯಾಗಿ ಕಾಳು ಸಣ್ಣದಾದ ವರ್ಷ ಅದನ್ನೂ ಚೀಲದ ಮೇಲೆ ಬರೆದೆವು. ಒಬ್ಬರೂ ಬೇಡ ಅನ್ನಲಿಲ್ಲ.

ಇದರಿಂದ ಎಲ್ಲ ಮಾಲು ಹೋಗುವುದಿಲ್ಲ. ದೊಡ್ಡ ಪಾಲು ಈಗಲೂ ಮಾರುಕಟ್ಟೆಗೇ ಹೋಗುತ್ತದೆ. ಒಬ್ಬನೇ ಮಾಡಿದರೆ ಹೊಲದ ಕೆಲಸ ಬಿಟ್ಟು ಚೀಲ ಹೊತ್ತು ತಿರುಗಬೇಕು. ಅದಕ್ಕೇ ಶಾಂಪೇನಿನ ಸಿ.ಎಂ. ರೈತರಂತೆ ಹತ್ತು ಮನೆ ಕೂಡಬೇಕು. ಆದರೆ ಕೂಡಿದ ಮೇಲೆ ಎಲ್ಲರ ಮಾಲು ಒಂದೇ ರಾಶಿಗೆ ಸುರುವಿದರೆ ಮತ್ತೆ ದಲಾಲಿ ಅಂಗಡಿಯೇ ಆಯಿತು. ಚೀಲ ಬೇರೆ, ಗಾಡಿ ಒಂದು: ಇದು ನಿಯಮ ಆಗಬೇಕು. ಕಲಬೆರಕೆ ಮಾಡಿದವನನ್ನು ಸಂಘವೇ ಹೊರಗ ಹಾಕಬೇಕು. ಒಬ್ಬನ ಕಳ್ಳ ಚೀಲ ಹತ್ತು ಜನರ ಹೆಸರು ಕೆಡಿಸುತ್ತದೆ.

ನಮ್ಮ ಪ್ರತಿ ಹೊಲಕ್ಕೂ ಹಿರಿಯರು ಇಟ್ಟ ಹೆಸರು ಇದೆ. ಬಾವಿ ಹೊಲ, ಹಳ್ಳದ ಹೊಲ, ಗುಡಿ ಹಿಂದಿನ ಪಟ್ಟಿ, ಹೀಗೆ. ಸರ್ವೇ ನಂಬರು ಬಂದ ಮೇಲೆ ಆ ಹೆಸರು ಮಕ್ಕಳ ಬಾಯಿಂದ ಹೋಗುತ್ತಿವೆ. ಓದುಗರು ತಮ್ಮ ಹೊಲದ ಹೆಸರು, ಅಲ್ಲಿ ಯಾವ ಬೆಳೆಗೆ ವಿಶೇಷ ರುಚಿ ಬರುತ್ತದೆ ಎಂಬುದನ್ನು ಪತ್ರಿಕೆಗೆ ಬರೆಯಬೇಕು ಅಂತ ನನ್ನ ವಿನಂತಿ. ಈ ಸುಗ್ಗಿಗೆ ಒಂದೇ ಒಂದು ಹೊಲದ ಮಾಲನ್ನಾದರೂ ಬೇರೆ ಇಟ್ಟು ನೋಡಿರಿ. ಖರ್ಚು ಒಂದು ಚೀಲ, ಒಂದು ಮಸಿ ಕಡ್ಡಿ.