ಕಾಯಕಸ್ಥಳವೂ ಮುಂದಾಳುತನವೂ

ಹೊಟ್ಟೆಪಾಡಿಗಾಗಿ ಮಾಡುವ ದುಡಿಮೆಯೆಲ್ಲವೂ ಕಾಯಕವಾಗದೆಂಬುದು ಶರಣಧರ್ಮದ ಮೊದಲ ಪಾಠಗಳಲ್ಲೊಂದು. ದುಡಿಮೆ ಕಾಯಕವೆನಿಸಬೇಕಾದರೆ ಅದರಲ್ಲಿ ಮೂರು ಲಕ್ಷಣಗಳಿರಬೇಕು. ಮೊದಲನೆಯದು ಸತ್ಯ: ಮಾಡುವ ಕೆಲಸದಲ್ಲಿ ಕಪಟವಿರಬಾರದು. ಎರಡನೆಯದು ಸಮತೆ: ಒಂದು ಕೆಲಸ ಹಿರಿದು, ಇನ್ನೊಂದು ಕಿರಿದು ಎಂಬ ಭೇದವೆಣಿಸಬಾರದು. ಮೂರನೆಯದು ದಾಸೋಹ: ದುಡಿದುದರ ಫಲ ತನ್ನೊಬ್ಬನಲ್ಲಿಯೇ ನಿಲ್ಲದೆ ಮುಂದಕ್ಕೆ ಹರಿಯಬೇಕು. ಈ ಮೂರನ್ನು ಒಬ್ಬ ಗೃಹಸ್ಥನು ತನ್ನ ಮಟ್ಟಿಗೆ ಸಾಧಿಸುವುದು ಕಷ್ಟವಾದರೂ ಅಸಾಧ್ಯವಲ್ಲ. ಆದರೆ ನೂರಾರು ಜನರ ದುಡಿಮೆ ಒಂದೇ ಸೂರಿನ ಕೆಳಗೆ ಕೂಡಿದಾಗ ಬೇರೊಂದು ಪ್ರಶ್ನೆ ಏಳುತ್ತದೆ. ಈ ನೂರು ಕೈಗಳನ್ನು ಒಂದುಗೂಡಿಸತಕ್ಕದ್ದು ಯಾವುದು? ಸಂಬಳವೆ, ಭಯವೆ, ಯಜಮಾನನ ಆಜ್ಞೆಯೆ? ಇವು ಮೂರೂ ಜನರನ್ನು ಒಂದೆಡೆ ಸೇರಿಸಬಲ್ಲವು, ಒಂದುಗೂಡಿಸಲಾರವು. ತನ್ನ ಕೆಲಸ ಮುಂದೆ ಯಾರ ಕೈ ಸೇರುತ್ತದೆ, ಯಾರ ಬಾಳನ್ನು ಮುಟ್ಟುತ್ತದೆ ಎಂಬ ಅರಿವೊಂದೇ ಅವರನ್ನು ಒಂದುಗೂಡಿಸುವುದು. ಆ ಅರಿವನ್ನು ಎಲ್ಲರಲ್ಲಿಯೂ ಎಚ್ಚರವಾಗಿಡುವುದೇ ಮುಂದಾಳಾದವನ ಕಾಯಕ.

ಕಲ್ಯಾಣದ ಮಾದರಿ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆರೆದ ಶರಣಸಮೂಹ ಈ ತತ್ತ್ವಕ್ಕೆ ಉಜ್ಜ್ವಲ ನಿದರ್ಶನವಾಗಿದೆ. ಅಲ್ಲಿ ಬಟ್ಟೆ ಮಡಿಮಾಡುವ ಮಾಚಯ್ಯನಿದ್ದನು, ದೋಣಿ ನಡೆಸುವ ಚೌಡಯ್ಯನಿದ್ದನು, ಬಿದಿರು ಹೆಣೆಯುವ ಕೇತಯ್ಯನಿದ್ದನು, ಚರ್ಮ ಹದಮಾಡುವ ಕಕ್ಕಯ್ಯನಿದ್ದನು. ಲೋಕವು ಯಾವ ಕೆಲಸವನ್ನು ಹೇಳಿ ಅವರನ್ನು ಹಳಿಯುತ್ತಿತ್ತೋ ಅದೇ ಕೆಲಸ ಅವರ ಹೆಸರಿನ ಮುಂದೆ ಬಿರುದಾಗಿ ನಿಂತಿತು. ಮಡಿವಾಳ, ಅಂಬಿಗ, ಮೇದಾರ, ಡೋಹರ ಎಂಬ ಶಬ್ದಗಳು ಗೌರವವಾಚಕಗಳಾದವು. ಜನರನ್ನು ಒಂದುಗೂಡಿಸುವ ಮೊದಲ ಹೆಜ್ಜೆ ಅವರ ಕೆಲಸಕ್ಕೆ ಗೌರವ ಕೊಡುವುದೆಂಬುದು ಇದರಿಂದ ವೇದ್ಯವಾಗುತ್ತದೆ.

ಎರಡನೆಯ ಸಂಗತಿ ಇನ್ನೂ ಗಹನವಾದುದು. ಈ ಸಮೂಹವನ್ನು ಕಟ್ಟಿದವರು ಬಸವಣ್ಣನವರು. ಅವರು ಬಿಜ್ಜಳನ ಆಸ್ಥಾನದಲ್ಲಿ ಭಂಡಾರದ ಹೊಣೆ ಹೊತ್ತ ಅಧಿಕಾರಿಗಳು. ಆದರೂ ಶೂನ್ಯಸಿಂಹಾಸನದ ಮೇಲೆ ಕುಳಿತವರು ಅಲ್ಲಮಪ್ರಭುಗಳೆಂದು ಪರಂಪರೆ ಹೇಳುತ್ತದೆ. ಕಟ್ಟಿದವನು ಪೀಠವನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟು ತಾನು ಕೆಳಗೆ ಕುಳಿತನು. ಸಂಸ್ಥೆ ತನ್ನದೆಂಬ ಮಮಕಾರವನ್ನು ಕಳೆದುಕೊಂಡವನಿಗೆ ಮಾತ್ರ ಅದು ಎಲ್ಲರದೂ ಆಗುವಂತೆ ನಡೆಸಲು ಸಾಧ್ಯವಲ್ಲವೆ?

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಸರ್ವವಿದಿತ. ಬಿದ್ದ ಅಕ್ಕಿಯನ್ನು ಆಯ್ದು ತಂದು ಅದರಿಂದ ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ಮೊದಲಿದ್ದಲ್ಲಿಗೇ ಸುರಿದು ಬರುವಂತೆ ಹೇಳಿದಳು. ಮಾರಯ್ಯನು ಹಾಗೆಯೇ ಮಾಡಿದನು. ಈ ಕಥೆಯಲ್ಲಿ ಸಾಮಾನ್ಯವಾಗಿ ಲಕ್ಕಮ್ಮನ ನಿಷ್ಠೆಯನ್ನು ಕೊಂಡಾಡುವುದುಂಟು, ಅದು ಯುಕ್ತವೇ. ಆದರೆ ತಿದ್ದುವ ಮಾತನ್ನು ಕೇಳಿ ತಿದ್ದಿಕೊಂಡ ಮಾರಯ್ಯನ ಗುಣವೂ ಅಷ್ಟೇ ಮನನೀಯ. ಯಾವ ಕಾಯಕಸ್ಥಳದಲ್ಲಿ ಕೆಳಗಿನವರ ಮಾತು ಮೇಲಿನವರ ಕಿವಿಯನ್ನು ತಲಪುವುದೋ ಅಲ್ಲಿ ತಪ್ಪು ಬೇರೂರುವುದಿಲ್ಲ. ಯಾವ ಸ್ಥಳದಲ್ಲಿ ಆ ಮಾತಿಗೆ ಬಾಗಿಲು ಮುಚ್ಚಿದೆಯೋ ಅಲ್ಲಿ ಎಲ್ಲರೂ ತಪ್ಪನ್ನು ಕಾಣುತ್ತಾರೆ, ಯಾರೂ ಆಡುವುದಿಲ್ಲ.

ನುಲಿಯ ಚಂದಯ್ಯನು ಹಗ್ಗ ಹೊಸೆಯುವ ಕಾಯಕದವನು. ಲಿಂಗವೇ ಬಂದು ನಿಂತರೂ ಕಾಯಕದಿಂದ ಅದಕ್ಕೆ ವಿನಾಯಿತಿ ಕೊಡದೆ ಹಗ್ಗ ಮಾರಲು ಕಳುಹಿಸಿದನೆಂಬುದು ಅವನ ಕಥೆಯ ಸಾರ. ಪೂಜ್ಯಸ್ಥಾನಕ್ಕೇ ಇಲ್ಲದ ವಿನಾಯಿತಿ ಯಜಮಾನನಿಗೆಲ್ಲಿಂದ ಬಂದೀತು? ನೇಮವನ್ನು ಮಾಡಿದವನು ಅದಕ್ಕೆ ತಾನೇ ಮೊದಲು ಒಳಗಾಗಬೇಕು.

ಆಲೆಮನೆಯಲ್ಲಿ ಕಾಣುವ ಪಾಠ

ಈ ತತ್ತ್ವ ಗ್ರಂಥದಲ್ಲಿ ಮಾತ್ರ ಉಳಿಯತಕ್ಕದ್ದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಸದ್ಭಕ್ತರು ಇದನ್ನು ತಮ್ಮ ಊರಿನ ಆಲೆಮನೆಯಲ್ಲಿಯೇ ಕಣ್ಣಾರೆ ಕಾಣಬಹುದು. ಗಾಣಕ್ಕೆ ಕಬ್ಬು ಕೊಡುವವನೊಬ್ಬ, ಒಲೆಗೆ ಒಣಗಿದ ಸಿಪ್ಪೆ ಹಾಕುವವನೊಬ್ಬ, ಕುದಿಯುವ ಕೊಪ್ಪರಿಗೆಯ ಕೊಳೆ ತೆಗೆಯುವವನೊಬ್ಬ, ಪಾಕದ ಹದ ನೋಡುವವನೊಬ್ಬ, ಅಚ್ಚಿಗೆ ಸುರಿಯುವವನೊಬ್ಬ. ಒಲೆಯ ಮುಂದೆ ಕುಳಿತವನಿಗೆ ಮೇಲಿನ ಕೊಪ್ಪರಿಗೆ ಕಾಣಿಸದು. ಉರಿ ಏರಿಸು, ಉರಿ ಇಳಿಸು ಎಂದು ಪಾಕದವನು ಹೇಳುವ ಮಾತನ್ನೇ ಅವನು ನಂಬಬೇಕು. ಹದ ಮೀರಿದರೆ ಬೆಲ್ಲ ಸೀಯುತ್ತದೆ, ಹದ ಬಾರದಿದ್ದರೆ ಅಚ್ಚು ಕಟ್ಟುವುದಿಲ್ಲ. ಒಂದು ಗಳಿಗೆಯ ಅಲಕ್ಷ್ಯದಿಂದ ಎಲ್ಲರ ದಿನದ ದುಡಿಮೆಯೂ ಕೆಡುತ್ತದೆ. ಪಾಕದವನು ಅಲ್ಲಿನ ಮುಂದಾಳು. ಅವನು ಹೊಗೆ ಬೇಗೆಗಳಿಂದ ದೂರ ಕುಳಿತು ಆಳುವುದಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಕೊಪ್ಪರಿಗೆಯ ಬಳಿಯಲ್ಲಿಯೇ ನಿಂತಿರುತ್ತಾನೆ.

ಇಂದು ಆಲೆಮನೆಗಳಲ್ಲಿಯೂ ಕಬ್ಬಿನ ಗದ್ದೆಗಳಲ್ಲಿಯೂ ದುಡಿಯುವವರಲ್ಲಿ ಹಲವರು ದೂರದ ಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಬಂದವರು. ಅವರ ಮಾತು ಬೇರೆ, ಊಟ ಬೇರೆ. ಅವರನ್ನು ಹೆಸರು ಹಿಡಿದು ಕರೆಯದೆ, ತಲೆ ಎಣಿಸಿ ಕೂಲಿ ಕೊಡುವಲ್ಲಿ ಕೆಲಸ ನಡೆದೀತು, ಕಾಯಕ ನಡೆಯದು. ಹಾಗೆಯೇ ಬೆಲ್ಲ ಹೊಳೆಯಲೆಂದು ಮಿತಿಮೀರಿ ರಾಸಾಯನಿಕ ಬೆರೆಸುವಂತೆ ಆಳಿಗೆ ಹೇಳುವ ಯಜಮಾನನು ತಾನೊಬ್ಬನೇ ತಪ್ಪು ಮಾಡುವುದಿಲ್ಲ. ತನ್ನ ಸೂರಿನ ಕೆಳಗಿರುವ ಎಲ್ಲರ ದುಡಿಮೆಯಿಂದಲೂ ಸತ್ಯವನ್ನು ಕಳೆಯುತ್ತಾನೆ. ಆ ಬೆಲ್ಲ ಯಾವುದೋ ಮನೆಯ ಮಗುವಿನ ಬಾಯಿ ಸೇರುವುದೆಂಬ ಅರಿವು ಅಲ್ಲಿ ನಿದ್ರಿಸಿದೆ ಎಂದೇ ತಿಳಿಯಬೇಕು.

ಸಕ್ಕರೆ ಕಾರ್ಖಾನೆಯ ಸರಪಣಿ

ಆಲೆಮನೆಯಲ್ಲಿ ಹತ್ತು ಜನರ ನಡುವೆ ನಡೆಯುವುದು ಕಾರ್ಖಾನೆಯಲ್ಲಿ ಸಾವಿರಾರು ಜನರ ನಡುವೆ ನಡೆಯುತ್ತದೆ. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯದ ಒಣಭೂಮಿ ಹಸುರಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪಿತವಾಯಿತು. ಇದರ ಹಿಂದೆ ದುಡಿದವರಲ್ಲಿ ಡಾ. ಲೆಸ್ಲಿ ಕೋಲ್ಮನ್ ಪ್ರಮುಖರು. ಕೆನಡಾ ದೇಶದವರಾದ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಮುಂದೆ ವ್ಯವಸಾಯ ಇಲಾಖೆಯ ನಿರ್ದೇಶಕರಾದರು. ಮಲೆನಾಡಿನ ಅಡಕೆಗೆ ತಗಲುವ ಕೊಳೆರೋಗಕ್ಕೆ ಸುಣ್ಣ, ಮೈಲುತುತ್ತಗಳ ಸಿಂಪಡಣೆಯಿಂದ ಪರಿಹಾರ ತೋರಿಸಿದವರೂ ಅವರೇ. ರೈತನ ಹೊಲದ ಕಷ್ಟವನ್ನು ಬಲ್ಲವನೇ ರೈತನ ಕಾರ್ಖಾನೆಯನ್ನು ಕಟ್ಟಲು ಅರ್ಹನೆಂಬುದಕ್ಕೆ ಅವರ ಬಾಳು ಸಾಕ್ಷಿ.

ಸಕ್ಕರೆ ಕಾರ್ಖಾನೆಯ ಕೆಲಸದ ಸ್ವರೂಪವನ್ನು ಕೊಂಚ ಪರಿಶೀಲಿಸಬೇಕು. ಕಡಿದ ಕಬ್ಬನ್ನು ಸಾಧ್ಯವಾದಷ್ಟು ಬೇಗ, ಒಂದು ದಿನದೊಳಗಾಗಿ ಅರೆಯುವುದು ಉತ್ತಮ. ತಡವಾದಂತೆ ಕಬ್ಬಿನೊಳಗಿನ ಸಕ್ಕರೆಯ ಅಂಶ ಒಡೆದು ಹರಳುಗಟ್ಟದಂತಾಗುತ್ತದೆ. ಜೊತೆಗೆ ನೀರು ಆರಿ ಕಬ್ಬಿನ ತೂಕವೂ ಇಳಿಯುತ್ತದೆ. ಒಳ್ಳೆಯ ಕಬ್ಬು ನೂರು ಕಿಲೋ ಅರೆದರೂ ದೊರೆಯುವ ಸಕ್ಕರೆ ಸುಮಾರು 9–10 ಕಿಲೋ ಮಾತ್ರ. ಅದರಲ್ಲಿ ಅರ್ಧ ಕಿಲೋ ಕಡಿಮೆಯಾದರೂ ಕಾರ್ಖಾನೆಗೆ ದೊಡ್ಡ ನಷ್ಟ. ತೂಕಕ್ಕೆ ತಕ್ಕ ಹಣ ಪಡೆಯುವ ರೈತನಿಗೆ ಗಾಡಿ ಸಾಲಿನಲ್ಲಿ ನಿಂತಷ್ಟೂ ನಷ್ಟ. ಹೀಗೆ ಒಂದೇ ವಿಳಂಬ ಇಬ್ಬರನ್ನೂ ದಂಡಿಸುತ್ತದೆ. ಆದುದರಿಂದ ಕಬ್ಬು ಕಡಿಯುವವನು, ಗಾಡಿ ಹೊಡೆಯುವವನು, ತೂಕ ಮಾಡುವವನು, ರೋಲರುಗಳನ್ನು ನೋಡಿಕೊಳ್ಳುವವನು, ಬಾಯ್ಲರಿಗೆ ಸಿಪ್ಪೆ ಒದಗಿಸುವವನು, ರಸ ಶೋಧಿಸುವವನು, ಹರಳು ಕಟ್ಟಿಸುವವನು ಇವರೆಲ್ಲರೂ ಒಂದೇ ಸರಪಣಿಯ ಕೊಂಡಿಗಳು. ಯಾವ ಕೊಂಡಿಯೂ ತಾನು ಬೇರೆಯೆನ್ನುವಂತಿಲ್ಲ.

ಈ ಸರಪಣಿಯಲ್ಲಿ ಎರಡು ಸ್ಥಳಗಳು ವಿಶೇಷವಾಗಿ ಪರೀಕ್ಷೆಯ ಸ್ಥಳಗಳು. ಒಂದು, ತೂಕದ ಯಂತ್ರ. ವರ್ಷವಿಡೀ ಬೆಳೆದ ರೈತನು ಕಾರ್ಖಾನೆಯನ್ನು ನಂಬುವುದೂ ನಂಬದಿರುವುದೂ ಅಲ್ಲಿ ಅರೆಗಳಿಗೆಯಲ್ಲಿ ನಿಶ್ಚಯವಾಗುತ್ತದೆ. ಅಲ್ಲಿ ಕುಳಿತ ಗುಮಾಸ್ತನ ಸಂಬಳ ಅಲ್ಪವಿರಬಹುದು. ಅವನ ಕೈಯಲ್ಲಿರುವ ಹೊಣೆ ಅಲ್ಪವಲ್ಲ. ಅಂಗಳ ಗುಡಿಸುವ ಕಾಯಕದ ಸತ್ಯಕ್ಕನು ಪರದ್ರವ್ಯವನ್ನು ಮುಟ್ಟದ ವ್ರತ ಹಿಡಿದವಳು. ತೂಕದ ಮುಂದೆ ಕುಳಿತವನಿಗೆ ಅವಳ ವ್ರತಕ್ಕಿಂತ ಬೇರೆ ಉಪದೇಶ ಬೇಕಿಲ್ಲ. ಎರಡನೆಯದು, ಪಾಳಿ ಬದಲಾಗುವ ಹೊತ್ತು. ಅರೆಯುವ ಕಾಲದಲ್ಲಿ ಕಾರ್ಖಾನೆ ಹಗಲಿರುಳೂ ನಡೆಯುತ್ತದೆ. ಹೋಗುವವನು ತನ್ನ ಹೊತ್ತಿನಲ್ಲಿ ಆದ ಲೋಪವನ್ನು ಬರುವವನಿಗೆ ಮರೆಮಾಚದೆ ಹೇಳಿದರೆ ಯಂತ್ರವೂ ಉಳಿಯುತ್ತದೆ, ಪ್ರಾಣವೂ ಉಳಿಯುತ್ತದೆ. ನಿಜ ಹೇಳಿದವನನ್ನು ಮೇಲಿನವನು ಗದರಿಸಿದರೆ ಮಾರನೆಯ ದಿನದಿಂದ ನಿಜ ಹೇಳುವವರೇ ಇರುವುದಿಲ್ಲ.

ಮುಂದಾಳಿನ ಸತ್ಯಕ್ಕೆ ಕಾಲದ ಮಿತಿಯೂ ಉಂಟು. 1966ರ ಕಬ್ಬು ನಿಯಂತ್ರಣ ಆದೇಶವು ಕಬ್ಬು ಪಡೆದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕೆಂದು ವಿಧಿಸಿತು. ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಕೊಡಬೇಕೆಂದಿತು. ಕಾನೂನು ಹೇಳುವ ಈ ಮಾತು ಕಾಯಕಧರ್ಮಕ್ಕೆ ಹೊಸದಲ್ಲ. ದುಡಿದವನ ಹಣವನ್ನು ತಡೆಹಿಡಿದು ಅನ್ನದಾನ ಮಾಡಿದರೆ ಅದು ದಾಸೋಹವಾಗದು. ಪರರ ಸೊತ್ತಿನ ಹಂಚಿಕೆಯಾಗುತ್ತದೆ.

ಮಂಡ್ಯದ ಈ ಕಾರ್ಖಾನೆ ಕೆಲವು ವರ್ಷ ಅರೆಯುವುದನ್ನು ನಿಲ್ಲಿಸಿ, 2022ರಲ್ಲಿ ಮತ್ತೆ ಆರಂಭಿಸಿತು. ಚಕ್ರ ನಿಂತಾಗ ನಿಲ್ಲುವುದು ಯಂತ್ರವೊಂದೇ ಅಲ್ಲ. ಗದ್ದೆಯ ಕಬ್ಬು ದೂರದ ದಾರಿ ಹಿಡಿಯುತ್ತದೆ, ಗಾಡಿಯವನ ಬಾಡಿಗೆ ತಪ್ಪುತ್ತದೆ, ಪೇಟೆಯ ಅಂಗಡಿಯಲ್ಲಿ ಸಾಲದ ಲೆಕ್ಕ ಬೆಳೆಯುತ್ತದೆ, ಮದುವೆಗಳು ಮುಂದಕ್ಕೆ ಹೋಗುತ್ತವೆ. ಕಾಯಕಸ್ಥಳವೆಂಬುದು ಗೋಡೆಯೊಳಗೆ ಮುಗಿಯುವ ವಸ್ತುವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?

ಕಾಣದ ಫಲಕ್ಕಾಗಿ ದುಡಿದವರು

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಕೇಂದ್ರ ಆರಂಭವಾಯಿತು. ಅಲ್ಲಿ ಹುಟ್ಟಿದ ವಿದ್ಯುತ್ತು 90 ಮೈಲಿಗೂ ಮಿಕ್ಕ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕಾಯಿತು. ಕಾವೇರಿಯ ಭೋರ್ಗರೆತದ ಪಕ್ಕದಲ್ಲಿ ರಾತ್ರಿಯೆಲ್ಲಾ ಎಚ್ಚರವಿದ್ದು ಯಂತ್ರ ಕಾಯುವವನು ತಾನು ಕಳುಹಿಸಿದ ಬೆಳಕು ಉರಿಯುವ ಮನೆಯನ್ನು ಎಂದೂ ಕಾಣಲಾರನು. ಆ ಮನೆಯುಂಟು, ಅಲ್ಲೊಂದು ಮಗು ಓದುತ್ತಿದೆ ಎಂದು ಅವನಿಗೆ ತಿಳಿಸಿಕೊಡುವುದು ಹಿರಿಯ ಅಧಿಕಾರಿಯ ಧರ್ಮ. ಆ ಮಾತಿಗೆ ಖರ್ಚಿಲ್ಲ. ಅದರ ಬೆಲೆ ಮಾತ್ರ ಅಪಾರ.

ಈ ಯೋಜನೆಗೆ ಬೆಂಬಲವಾಗಿ ನಿಂತ ದಿವಾನ ಸರ್ ಕೆ. ಶೇಷಾದ್ರಿ ಅಯ್ಯರವರು 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡರು. ತಾವು ಬಯಸಿದ ಬೆಳಕನ್ನು ಅವರು ಕಾಣಲಿಲ್ಲ. ಅದು ನಾಡಿಗೆ ಬಂದಿತು. ಫಲವನ್ನು ತಾನೇ ಉಣ್ಣಬೇಕೆಂಬವನು ಬಾಳೆ ನೆಟ್ಟಾನು, ಮಾವು ನೆಡಲಾರನು. ಸಂಸ್ಥೆ ಕಟ್ಟುವುದು ಮಾವು ನೆಡುವ ಕೆಲಸ.

ಮದ್ದೂರಿನ ಶಿವಪುರ ಇನ್ನೊಂದು ಪಾಠವನ್ನು ಕಲಿಸುತ್ತದೆ. 1938ರ ಏಪ್ರಿಲಿನಲ್ಲಿ ಅಲ್ಲಿ ನಡೆದ ಧ್ವಜ ಸತ್ಯಾಗ್ರಹದಲ್ಲಿ ನಿಷೇಧಾಜ್ಞೆಯನ್ನು ಲೆಕ್ಕಿಸದೆ ಸಾವಿರಾರು ಜನ ನೆರೆದರು. ಟಿ. ಸಿದ್ಧಲಿಂಗಯ್ಯನವರೇ ಮೊದಲಾದ ಮುಂದಾಳುಗಳು ಇತರರನ್ನು ಮುಂದೆ ನೂಕದೆ ತಾವೇ ಮುಂದೆ ನಿಂತು ಬಂಧನಕ್ಕೊಳಗಾದರು. ಕಷ್ಟಕ್ಕೆ ಮೊದಲಿಗನಾದವನ ಮಾತಿಗೆ ಜನ ತಾವಾಗಿ ಕಿವಿಗೊಡುತ್ತಾರೆ.

ಗೃಹಸ್ಥರ ಆಚರಣೆಗೆ

ಇಷ್ಟು ದೊಡ್ಡ ಸಂಸ್ಥೆಗಳ ಮಾತು ತಮಗೇಕೆಂದು ಸಾಮಾನ್ಯ ಗೃಹಸ್ಥರು ಕೇಳಬಹುದು. ಅಕ್ಕಿಯ ಗಿರಣಿ ನಡೆಸುವವರು, ರೇಷ್ಮೆ ನೂಲು ತೆಗೆಸುವವರು, ನಾಲ್ಕು ಆಳಿಟ್ಟು ಬೇಸಾಯ ಮಾಡುವವರು, ಊರಿನ ಹಾಲಿನ ಸಂಘದ ಅಧ್ಯಕ್ಷರು ಎಲ್ಲರೂ ಮುಂದಾಳುಗಳೇ. ಬೆಳಗಿನ ಜಾವ ಹಳ್ಳಿಯ ಸಂಘದಲ್ಲಿ ಅಳೆದ ಹಾಲು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಡೇರಿಯನ್ನು ಸೇರಿ, ಅಲ್ಲಿಂದ ಅಪರಿಚಿತರ ಮನೆಗಳಿಗೆ ಹೋಗುತ್ತದೆ. ಒಂದು ಪಾತ್ರೆಯ ಕೆಟ್ಟ ಹಾಲು ನೂರು ಮನೆಯ ಒಳ್ಳೆಯ ಹಾಲನ್ನು ಕೆಡಿಸುತ್ತದೆ. ಅಧ್ಯಕ್ಷನು ತನ್ನ ಮನೆಯ ಹಾಲನ್ನೂ ಎಲ್ಲರ ಮುಂದೆಯೇ ಪರೀಕ್ಷೆಗೆ ಒಡ್ಡಿದರೆ ಆ ಸಂಘಕ್ಕೆ ಬೇರೆ ಉಪನ್ಯಾಸ ಬೇಡ.

ಮನನಕ್ಕಾಗಿ ಮೇಲಿನ ವಿಚಾರವನ್ನು ಹೀಗೆ ಸಂಗ್ರಹಿಸಬಹುದು:

1. ದುಡಿಯುವವನನ್ನು ಹೆಸರಿನಿಂದ ಕರೆಯಬೇಕು. ಅವನ ಕೆಲಸವನ್ನು ಗೌರವದಿಂದ ನುಡಿಯಬೇಕು.

2. ಅವನ ಕೆಲಸ ಮುಂದೆ ಯಾರನ್ನು ಸೇರುವುದೆಂಬುದನ್ನು ತಿಳಿಸಿಕೊಡಬೇಕು. ಸಾಧ್ಯವಾದರೆ ಕರೆದೊಯ್ದು ತೋರಿಸಬೇಕು.

3. ತೂಕ, ಅಳತೆ, ಲೆಕ್ಕಗಳು ಎಲ್ಲರ ಕಣ್ಣೆದುರಿನಲ್ಲಿ ನಡೆಯಬೇಕು.

4. ಕೂಲಿ, ಸಂಬಳ, ಬೆಳೆಯ ಹಣ ಹೇಳಿದ ದಿನಕ್ಕೆ ತಪ್ಪದೆ ಸಲ್ಲಬೇಕು.

5. ತಪ್ಪನ್ನು ಎತ್ತಿ ತೋರಿಸಿದವನು ಶತ್ರುವಲ್ಲ. ಅವನಲ್ಲಿ ಲಕ್ಕಮ್ಮನನ್ನು ಕಾಣಬೇಕು.

6. ನೇಮಕ್ಕೆ ಯಜಮಾನನೇ ಮೊದಲಿಗ. ಪೀಠಕ್ಕೆ ಅವನು ಕಡೆಯವನು.

ಈ ಆರನ್ನು ಪಾಲಿಸುವಲ್ಲಿ ಗಿರಣಿಯೂ ಆಲೆಮನೆಯೂ ಅನುಭವಮಂಟಪದ ಒಂದು ಮೂಲೆಯಾಗುತ್ತದೆ. ಮನೆಯಲ್ಲಿ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹೊರಟ ಸದ್ಭಕ್ತನು ಕಾಯಕಸ್ಥಳದ ಬಾಗಿಲಲ್ಲಿ ಆ ಪೂಜೆಯನ್ನು ಬಿಟ್ಟು ಒಳಗೆ ಹೋಗುವುದಿಲ್ಲ. ಅದು ಅಲ್ಲಿಂದ ಮುಂದಕ್ಕೆ ಸಾಗುತ್ತದೆ. ತನ್ನ ಕೈಕೆಳಗೆ ದುಡಿಯುವವನು ಸಂಜೆ ಮನೆಗೆ ಮರಳುವಾಗ ತಲೆಯೆತ್ತಿ ನಡೆದರೆ, ಆ ದಿನದ ಪೂಜೆ ಸಂದಿತೆಂದು ಅವನು ತಿಳಿಯತಕ್ಕದ್ದು.