ಕಾಡು ಮತ್ತು ಹುಲ್ಲುಗಾವಲು: ಮಕ್ಕಳಿಗೆ ಹೇಳಿಕೊಡುವ ಬಗೆ

ನಮ್ಮ ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನು ನಾವು ವಹಿಸಿಕೊಂಡಿರುವುದು ಓದುಗರಿಗೆ ತಿಳಿದೇ ಇದೆ. ಗಿರಣಿಯ ಲೆಕ್ಕ ಬರೆಯುವ ಕೈ ನಮ್ಮದು. ಮೆಟ್ರಿಕ್‌ನಲ್ಲಿ ಓದಿದ ವಿಜ್ಞಾನ ಅರ್ಧ ಮರೆತಿದೆ. ಆದ್ದರಿಂದ ನಾವು ಮಾಡಿದ ತಪ್ಪನ್ನೇ ಮೊದಲು ಹೇಳಿಬಿಡುತ್ತೇವೆ. ನಾಲ್ಕನೆಯ ತರಗತಿಯ ಮಕ್ಕಳಿಗಾಗಿ ಹಲಗೆಯ ಮೇಲೆ, "ಮರ ಕಡಿದ ಮೇಲೆ ಉಳಿಯುವುದೇ ಹುಲ್ಲುಗಾವಲು" ಎಂದು ಬರೆದೆವು. ಯಾದಗಿರಿ ಕಡೆಯ ಒಬ್ಬ ಹುಡುಗ, ಕುರಿ ಸಾಕುವವರ ಮನೆಯವನು, ಎದ್ದು ನಿಂತು, "ನಮ್ಮೂರಾಗ ಮರಾ ಯಾವಾಗೂ ಇದ್ದಿಲ್ರೀ ಸರ, ಮುತ್ಯಾನ ಕಾಲದಾಗೂ ಹುಲ್ಲೇ ಇತ್ತಂತ" ಎಂದ. ನಮಗೆ ಉತ್ತರ ತೋಚಲಿಲ್ಲ. ವಾರವೆಲ್ಲ ಪುಸ್ತಕ ತಿರುವಿ ನೋಡಿದ ಮೇಲೆ ತಿಳಿಯಿತು, ಹುಡುಗ ಹೇಳಿದ್ದೇ ಸರಿ.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿ ನಿತ್ಯಹಸುರಿನ ಕಾಡು. ನಮ್ಮ ಹೈದರಾಬಾದಿನಲ್ಲಿ ಸುಮಾರು 800 ಮಿಲಿಮೀಟರ್, ಅದೂ ಬಹುಪಾಲು ನಾಲ್ಕು ತಿಂಗಳಲ್ಲಿ. ಇಂಥ ಕಡೆ ಬೆಳೆಯುವ ಮರಗಳು ಬೇಸಿಗೆಯಲ್ಲಿ ನೀರು ಉಳಿಸಲು ಎಲೆ ಉದುರಿಸುತ್ತವೆ. ಮಣ್ಣು ತೆಳುವಾಗಿದ್ದು, ದನಕುರಿ ಜಿಂಕೆಗಳು ಮೇಯುತ್ತ, ಆಗಾಗ ಬೆಂಕಿಯೂ ಬೀಳುವ ಕಡೆ ಹುಲ್ಲಿನದೇ ಮೇಲುಗೈ; ನಡುನಡುವೆ ಜಾಲಿ, ಬನ್ನಿ. ಇದು ಕೆಟ್ಟುಹೋದ ಕಾಡಲ್ಲ, ತನ್ನಷ್ಟಕ್ಕೆ ತಾನೇ ಒಂದು ಬಗೆಯ ನೆಲ. ಬಯಲಲ್ಲಿ ಓಡಿಯೇ ಜೀವ ಉಳಿಸಿಕೊಳ್ಳುವ ಕೃಷ್ಣಮೃಗದಂಥ ಪ್ರಾಣಿ ನೂರಿನ್ನೂರು ವರ್ಷಗಳಲ್ಲಿ ಹುಟ್ಟಿಬಂದದ್ದಲ್ಲವಷ್ಟೆ!

ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಎರಡು ಹಳೆಯ ಡಬ್ಬಿಗಳಲ್ಲಿ ಮಣ್ಣು ತುಂಬಿ, ಒಂದರಲ್ಲಿ ರಾಗಿ, ಇನ್ನೊಂದರಲ್ಲಿ ಹೆಸರುಕಾಳು ಬಿತ್ತಿಸಿದೆವು. ಎರಡು ವಾರದ ಮೇಲೆ ಎರಡನ್ನೂ ಕತ್ತರಿಯಿಂದ ಕತ್ತರಿಸಿದೆವು. ಹೆಸರಿನ ಸಸಿಯನ್ನು ಬೀಜದೆಲೆಗಳ ಕೆಳಗೇ ಕತ್ತರಿಸಬೇಕು, ಮೇಲೆ ಕತ್ತರಿಸಿದರೆ ಮತ್ತೆ ಚಿಗುರೀತು. ರಾಗಿ ಮಾತ್ರ ನಾಲ್ಕೇ ದಿನದಲ್ಲಿ ತಲೆಯೆತ್ತಿತು. ಹುಲ್ಲಿನ ಬೆಳೆಯುವ ಮೊನೆ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡಂತೆ ಇರುತ್ತದೆ, ಗಿಡದ್ದು ತುದಿಯಲ್ಲಿ. ಹಸು ಮೇದರೂ ಬೆಂಕಿ ಸುಟ್ಟರೂ ಹುಲ್ಲು ಬದುಕುವ ಗುಟ್ಟು ಇದೇ. ಬಳಿಕ ಅಂಗಳದ ಗರಿಕೆಯ ಮೇಲೆ ಒಂದು ಬುಟ್ಟಿ ಕವುಚಿಟ್ಟೆವು. ಕೆಲವು ದಿನ ಕಳೆದು ಎತ್ತಿದರೆ ಹುಲ್ಲು ಬಿಳಿಚಿತ್ತು. ಹುಲ್ಲಿಗೆ ಬಿಸಿಲೇ ಅನ್ನ. ಅದರ ಮೇಲೆ ಒತ್ತಾಗಿ ಮರ ನೆಟ್ಟರೆ ಅದು ಸಾಯುತ್ತದೆಂದು ಮಕ್ಕಳೇ ಹೇಳಿದರು. ಜೋಳ, ಸಜ್ಜೆ, ಗೋಧಿ, ಭತ್ತ, ಕಬ್ಬು ಎಲ್ಲವೂ ಹುಲ್ಲಿನ ಜಾತಿಯವೇ ಎಂದಾಗ, "ಹಂಗಾದ್ರ ನಾವು ಉಣ್ಣೋ ರೊಟ್ಟೀನೂ ಹುಲ್ಲೇನ್ರಿ!" ಎಂದು ಒಬ್ಬಳು ನಕ್ಕಳು.

ಆಮೇಲೆ ಒಂದು ಭಾನುವಾರ ವನಸ್ಥಲಿಪುರದ ಮಹಾವೀರ ಹರಿಣ ವನಸ್ಥಲಿಗೆ ಹೋದೆವು. ಎಲ್.ಬಿ. ನಗರದಿಂದ ವಿಜಯವಾಡ ರಸ್ತೆ ಹಿಡಿದರೆ ದೂರವೇನಿಲ್ಲ. ಹಿಂದೆ ನಿಜಾಮರ ಬೇಟೆಯ ಬಯಲು. 1975ರಲ್ಲಿ ರಕ್ಷಿತ ವನವಾಯಿತು. ಅಲ್ಲಿ ಕೃಷ್ಣಮೃಗವೂ ಉಂಟು, ಚುಕ್ಕೆ ಜಿಂಕೆಯೂ ಉಂಟು. ನಮ್ಮನ್ನು ಕಂಡ ಚುಕ್ಕೆ ಜಿಂಕೆಗಳು ಮರಗಳ ಮರೆಗೆ ಸರಿದವು. ಎಲೆಗಳ ನಡುವಿನ ಬಿಸಿಲು ನೆರಳಿನಲ್ಲಿ ಆ ಚುಕ್ಕೆಗಳು ಕಾಣದಾದವು. ಕೃಷ್ಣಮೃಗಗಳು ಮರಗಳತ್ತ ಹೋಗದೆ ಬಯಲಿನ ಕಡೆಗೇ ನೆಗೆದು, ದೂರ ನಿಂತು ಹಿಂತಿರುಗಿ ನೋಡಿದವು. ಒಂದಕ್ಕೆ ಮರೆ ಬೇಕು, ಇನ್ನೊಂದಕ್ಕೆ ದೂರದ ನೋಟ ಬೇಕು. ಕಾಡಿಗೂ ಹುಲ್ಲುಗಾವಲಿಗೂ ಇರುವ ಭೇದ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕದಿಂದ ತಿಳಿದೀತು? ಯಾದಗಿರಿಯ ಹುಡುಗ, "ಚಿಗರಿ, ಚಿಗರಿ!" ಎಂದು ಕೂಗಿ ಕಾವಲುಗಾರನಿಂದ ಬೈಸಿಕೊಂಡ.

ಇಷ್ಟೆಲ್ಲ ಶ್ರಮ ಏಕೆಂದು ಕೆಲವರು ಕೇಳಿದ್ದಾರೆ. 2000ದಿಂದೀಚೆಗೆ ಭಾರತ ಸರ್ಕಾರ ಬಂಜರು ಭೂಮಿಯ ನಕ್ಷೆಪುಸ್ತಕಗಳನ್ನು ಹೊರತಂದಿದೆ. ಉಪಗ್ರಹದ ಚಿತ್ರ ನೋಡಿ ಅವನ್ನು ಸಿದ್ಧಪಡಿಸುವುದು ನಮ್ಮ ಬಾಲಾನಗರದಲ್ಲಿರುವ ರಾಷ್ಟ್ರೀಯ ದೂರಸಂವೇದಿ ಕೇಂದ್ರವೇ. ಕುರುಚಲು ಗಿಡಗಳ ಬಯಲೂ ಕಳೆಗುಂದಿದ ಗೋಮಾಳವೂ ಅವುಗಳಲ್ಲಿ ಬಂಜರಿನ ಲೆಕ್ಕಕ್ಕೇ ಸೇರುತ್ತವೆ. ಬಂಜರು ಎಂದು ಕಾಗದದಲ್ಲಿ ಬಿದ್ದ ನೆಲವನ್ನು ಯಾರಿಗೆ ಕೊಟ್ಟರೂ ಕೇಳುವವರು ಕಡಮೆ. ಲೆಕ್ಕ ಬರೆಯುವವರಾದ ನಮಗೆ ಈ ಮಾತು ಚೆನ್ನಾಗಿ ಗೊತ್ತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಧಾಮವೆಂದು ಘೋಷಿಸಿದ 119 ಚದರ ಕಿಲೋಮೀಟರಿನಲ್ಲಿ ಬಹುಭಾಗ ನೀಲಗಿರಿಯ ನೆಡುತೋಪು. ಮರ ನೆಡುವುದು ಪುಣ್ಯವೆಂಬುದೇನೋ ನಿಜ. ಆದರೆ ಬಯಲನ್ನೇ ನಂಬಿದ ಬಸ್ಟರ್ಡ್ ಎಂಬ ಹೆಗ್ಗಾತ್ರದ ಹಕ್ಕಿ, ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದದ್ದು, ಈಗ ಕಾಣುವುದಿಲ್ಲ. ಮೈಸೂರು ಅರಸರ ಕಾಲದ ಅಮೃತಮಹಲ್ ಕಾವಲುಗಳೂ ಕರಗುತ್ತ ಬಂದಿವೆ.

ಆ ಹುಡುಗನ ತಂದೆ ಒಮ್ಮೆ ಮಗನನ್ನು ಕರೆದೊಯ್ಯಲು ಬಂದಾಗ ಹಲಗೆಯ ಮೇಲಿನ ಚಿತ್ರ ನೋಡುತ್ತ ನಿಂತರು. ಊರ ಮುಂದಿನ ಬಯಲು ಹೋದ ಮೇಲೆ ಕುರಿ ಮಾರಿ ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ಹುಲ್ಲಿನ ಹೆಸರು ಎಷ್ಟು ಗೊತ್ತೆಂದು ಕೇಳಿದೆವು. ಬೆರಳು ಮಡಿಸುತ್ತ ಹನ್ನೊಂದು ಹೇಳಿದರು. ಮಗನಿಗೆ ಅದರಲ್ಲಿ ಮೂರು ಗೊತ್ತಿದ್ದವು. ಉಳಿದ ಎಂಟನ್ನು ಬರೆದುಕೊಂಡಿದ್ದೇವೆ. ಮಳೆಗಾಲ ಮುಗಿಯುವ ಹೊತ್ತಿಗೆ ಹುಲ್ಲು ತೆನೆಬಿಟ್ಟಿರುತ್ತದೆ. ಆಗ ಅವರನ್ನೇ ಮುಂದಿಟ್ಟುಕೊಂಡು ಮತ್ತೊಮ್ಮೆ ವನಸ್ಥಲಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಮಕ್ಕಳನ್ನು ಕಳುಹಿಸುವವರು ಬುತ್ತಿ, ನೀರು ಕಟ್ಟಿಕೊಟ್ಟು, ಹೆಸರನ್ನು ವಾಚನಾಲಯದ ಪುಸ್ತಕದಲ್ಲಿ ಬರೆಸಬೇಕು.