ಪೊಲೀಸ್ ತಪಾಸಣೆ ಮತ್ತು ಪಂಚನಾಮೆ

ಮಂದ್ರೂಪದ ಸಮೀಪ ಸಾಗುವ ಸೋಲಾಪುರ–ವಿಜಯಪುರ ಹೆದ್ದಾರಿಯು ಟಾಕಳಿಯ ಬಳಿ ಭೀಮಾ ನದಿಯನ್ನು ದಾಟಿ ಕರ್ನಾಟಕದ ಧೂಳಖೇಡವನ್ನು ಸೇರುತ್ತದೆ. ಇಂತಹ ಗಡಿದಾರಿಯಲ್ಲಿ, ಅದರಲ್ಲಿಯೂ ಚುನಾವಣೆಯ ದಿನಗಳಲ್ಲಿ, ವಾಹನಗಳ ತಪಾಸಣೆಯು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಮೂಲಭೂತ ಹಕ್ಕುಗಳ ಪಾಠವನ್ನು ಇಲ್ಲಿಂದಲೇ ಆರಂಭಿಸಬಹುದು.

ತಡೆಯುವುದು ಬೇರೆ, ಶೋಧಿಸುವುದು ಬೇರೆ. 1988ರ ಮೋಟಾರು ವಾಹನ ಕಾಯಿದೆಯ 130ನೆಯ ಕಲಮಿನಂತೆ, ಸಮವಸ್ತ್ರದಲ್ಲಿರುವ ಯಾವ ಪೊಲೀಸ್ ಅಧಿಕಾರಿ ಕೇಳಿದರೂ ಚಾಲಕನು ಪರವಾನಗಿಯನ್ನು ತೋರಿಸಬೇಕು. ಡಿಜಿಲಾಕರ್‌ನಲ್ಲಿರುವ ಪ್ರತಿಯೂ ಸಲ್ಲುತ್ತದೆ. ಇದಕ್ಕೆ ಸಂಶಯದ ಕಾರಣ ಬೇಕಿಲ್ಲ; ಶೋಧಕ್ಕೆ ಬೇಕು. 1 ಜುಲೈ 2024ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೆಯ ಕಲಮಿನಂತೆ, ವಾರಂಟಿಲ್ಲದೆ ಸ್ಥಳವನ್ನು ಶೋಧಿಸುವ ತನಿಖಾಧಿಕಾರಿಯು ತನ್ನ ಕಾರಣಗಳನ್ನು ಬರೆದಿಟ್ಟು, ಅದರ ಪ್ರತಿಯನ್ನು 48 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. 105ನೆಯ ಕಲಮು ಶೋಧದ ಧ್ವನಿ-ದೃಶ್ಯ ಮುದ್ರಣವನ್ನು ಕಡ್ಡಾಯಗೊಳಿಸಿದೆ. ಸ್ತ್ರೀಯರ ಮೈಶೋಧವನ್ನು ಸ್ತ್ರೀಯರೇ ಮರ್ಯಾದೆಗೆ ಕುಂದು ಬಾರದಂತೆ ಮಾಡತಕ್ಕದ್ದು. ಕ್ರಮದಲ್ಲಿ ದೋಷವಿದ್ದರೆ ದೊರೆತ ವಸ್ತು ಸಾಕ್ಷ್ಯವೇ ಆಗದೆಂದು ಮಾತ್ರ ಕಲಿಸಬಾರದು. ಪೂರಣಮಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹಾಗೆ ಹೇಳಿಲ್ಲ.

ನಮ್ಮ ಶಾಲೆಗಳಿಗೆ ಹೆಚ್ಚು ಮುಖ್ಯವಾದುದು ಪಂಚನಾಮೆ. ಸ್ಥಳೀಯರಾದ ಇಬ್ಬರು ನಿಷ್ಪಕ್ಷಪಾತಿ ಪಂಚರ ಎದುರಿನಲ್ಲಿ ವಶಪಡಿಸಿಕೊಂಡ ವಸ್ತುಗಳ ಪಟ್ಟಿಯನ್ನು ಬರೆದು, ಸಹಿ ಮಾಡಿಸಿ, ಪ್ರತಿಯನ್ನು ಸಂಬಂಧಪಟ್ಟವರಿಗೆ ಕೊಡಬೇಕು. ಇಲ್ಲಿ ಅದು ಮರಾಠಿಯಲ್ಲಿರುತ್ತದೆ. ಮನೆಯಲ್ಲಿ ಕನ್ನಡವನ್ನಷ್ಟೇ ಬಲ್ಲ ಹಿರಿಯರು ಏನು ಬರೆದಿದೆಯೆಂದು ತಿಳಿಯದೆಯೇ ಹೆಬ್ಬೆಟ್ಟು ಒತ್ತುವ ಅಪಾಯವಿದೆ. 1962ರ ಹರಿಕಿಸನ್ ವಿರುದ್ಧ ಮಹಾರಾಷ್ಟ್ರ ಪ್ರಕರಣದಲ್ಲಿ, ಇಂಗ್ಲಿಷ್ ಅರಿಯದ ವ್ಯಕ್ತಿಗೆ ಪ್ರತಿಬಂಧಕ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟುದು ಸಾಲದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅದು ಬಂಧನದ ಕಾರಣಗಳಿಗೆ ಸಂಬಂಧಿಸಿದ್ದು, ಪಂಚನಾಮೆಗಲ್ಲ. ಆದರೂ ರುಜುವಿಗೆ ಮೊದಲು "ಓದಿ, ತಿಳಿಸಿ ಹೇಳಿರಿ" ಎಂದು ಸೌಜನ್ಯದಿಂದ ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಚಟುವಟಿಕೆ: ಇಬ್ಬರು ವಿದ್ಯಾರ್ಥಿಗಳು ಪಂಚರಾಗಲಿ, ಒಬ್ಬನು ಒಂದು ಚೀಲದಲ್ಲಿರುವ ವಸ್ತುಗಳ ಪಟ್ಟಿಯನ್ನು ಮರಾಠಿಯಲ್ಲಿ ಬರೆಯಲಿ, ಇನ್ನೊಬ್ಬನು ಅದನ್ನು ಕನ್ನಡದಲ್ಲಿ ಓದಿ ಹೇಳಲಿ. ಪಟ್ಟಿಯಲ್ಲಿ ಬೇಕೆಂದೇ ಒಂದು ವಸ್ತುವನ್ನು ಹೆಚ್ಚಾಗಿ ಬರೆಯಿಸಿ, ಪಂಚರು ಅದನ್ನು ಕಂಡುಹಿಡಿಯುವರೇ ನೋಡಿರಿ. ಇದಕ್ಕೆ ಮಕ್ಕಳ ಚೀಲವನ್ನು ಬಳಸಕೂಡದು. ಶಿಕ್ಷಕರು ತಮ್ಮ ಚೀಲವನ್ನೇ ಮೇಜಿನ ಮೇಲಿಡಲಿ.